ಎಲೆ ಒಣಗುವ ಮೊದಲೇ ಮನೆ ಬಿಟ್ಟಾಗ

ಇಂಗ್ಲೆಂಡಿನ ಲೀಡ್ಸ್ ನಗರದ ನಮ್ಮ ಹಳೆಯ ಮನೆಯನ್ನು ಮಾರುವಾಗ ತುಂಬಿಸಬೇಕಾದ ನಮೂನೆಯಲ್ಲಿ ಪರದೆ, ಒಲೆ, ದೀಪಗಳ ಜೊತೆಗೆ ತೋಟದ ಗಿಡಗಳ ಪ್ರಸ್ತಾಪವೂ ಇತ್ತು. ಅಲ್ಲಿ ನೆಲದಲ್ಲಿ ಬೇರು ಬಿಟ್ಟದ್ದೆಲ್ಲ ಮನೆಯೊಂದಿಗೇ ಮಾರಾಟವಾಗುತ್ತದೆ. ಒಯ್ಯುವುದಿದ್ದರೆ ಮೊದಲೇ ಬರೆದು ತಿಳಿಸಬೇಕು. ಡ್ಯಾಫೊಡಿಲ್, ಟ್ಯುಲಿಪ್, ಕ್ರೋಕಸ್, ಸ್ನೋಡ್ರಾಪ್ ಹೂಗಿಡಗಳ ಗೆಡ್ಡೆಗಳನ್ನು ಒಯ್ಯುತ್ತೇವೆ ಎಂದು ಬರೆದೆ. ಅಂಗಡಿಯಲ್ಲಿ ಹೊಸ ಗೆಡ್ಡೆಗಳೇನೂ ದುಬಾರಿಯಲ್ಲ, ಆದರೆ ಇವು ಮಗಳು ಹೆಜ್ಜೆಯಿಡಲು ಕಲಿತ ವರ್ಷ ನಾವು ಮೂವರೂ ಮಣ್ಣಿನಲ್ಲಿ ಕುಳಿತು ನೆಟ್ಟವು.

ತೊಡಕಾದದ್ದು ದಿನಾಂಕ. ಮೇ ಕೊನೆಯ ವಾರ ಬೀಗದಕೈ ಒಪ್ಪಿಸಬೇಕಿತ್ತು. ಡ್ಯಾಫೊಡಿಲ್ ಎಲೆಗಳು ಹಳದಿಯಾಗಿ ಮಲಗಿದ್ದವು, ಟ್ಯುಲಿಪ್‌ಗಳದ್ದು ಇನ್ನೂ ಹಸಿರು. ಹೂವು ಬಾಡಿದ ಮೇಲೆ ಕನಿಷ್ಠ 6 ವಾರ ಎಲೆ ಬಿಸಿಲುಂಡರೆ ಮಾತ್ರ ಗೆಡ್ಡೆಯೊಳಗೆ ಮುಂದಿನ ವಸಂತಕ್ಕೆ ಬೇಕಾದ ಬುತ್ತಿ ತುಂಬುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರದಲ್ಲಿರುವ ಅಮ್ಮ ಈ ಹೂಗಳನ್ನು ಚಿತ್ರದಲ್ಲಿ ಮಾತ್ರ ಕಂಡವಳು. ಆದರೆ ಡೇಲಿಯಾ ಗೆಡ್ಡೆಗಳನ್ನು ವರ್ಷವರ್ಷವೂ ಕಿತ್ತು, ಮಳೆಗಾಲ ಬರುವವರೆಗೆ ಒಣ ಮರಳಿನಲ್ಲಿ ಕಾಪಿಟ್ಟು ಗೊತ್ತಿರುವವಳು. “ಹಸಿರೆಲೆ ಕತ್ತರಿಸಬೇಡ ಮಾರಾಯ್ತಿ, ಮಣ್ಣಿನ ಹೆಂಟೆ ಸಮೇತ ಎತ್ತು” ಎಂದು ಫೋನಿನಲ್ಲಿ ಹೇಳಿದಳು.

ಹಾಗೆಯೇ ಮಾಡಿದೆ. ಬುಡದಿಂದ ಗೇಣು ದೂರದಲ್ಲಿ ಗುದ್ದಲಿಯಿಟ್ಟು ಮೀಟಿದಾಗ, ಒಂದು ಡ್ಯಾಫೊಡಿಲ್ ಗೆಡ್ಡೆ ನೆಟ್ಟ ಜಾಗದಲ್ಲಿ ಹನ್ನೊಂದು ಒಂದಕ್ಕೊಂದು ಒತ್ತಿಕೊಂಡು ಮೇಲೆದ್ದವು: ಈರುಳ್ಳಿಯಂಥ ಕಂದು ಸಿಪ್ಪೆ, ಅದರಡಿಯಲ್ಲಿ ಬೆಳ್ಳನೆಯ ಮೈ, ಬುಡದಲ್ಲಿ ಒಣಬೇರಿನ ಕುಚ್ಚು. ಎರಡು ವರ್ಷಗಳಿಂದ ಎಲೆಯೇ ಹೆಚ್ಚಾಗಿ ಹೂವು ಕಡಿಮೆಯಾದದ್ದು ಈ ಇಕ್ಕಟ್ಟಿನಿಂದಲೇ ಎಂದು ಆಗ ತಿಳಿಯಿತು. ಸ್ನೋಡ್ರಾಪ್‌ಗಳನ್ನು ಮಾತ್ರ ಕಳೆದುಕೊಂಡೆ. ಹೂ ಮುಗಿದು ಎಲೆ ಹಸಿರಿರುವಾಗಲೇ, ಮಾರ್ಚಿನಲ್ಲಿ, ಅವನ್ನು ಎತ್ತಬೇಕಿತ್ತು; ಮೇ ಕೊನೆಗೆ ನೆಲದ ಮೇಲೆ ಅವುಗಳ ಗುರುತೇ ಇರಲಿಲ್ಲ. ಬೆರಳಿನಿಂದ ಮಣ್ಣು ಕೆದಕುತ್ತ ಬಹಳ ಹೊತ್ತು ಹುಡುಕಿ, ಅಲ್ಲಿಯೇ ಬಿಟ್ಟು ಬಂದೆ.

ಟ್ಯುಲಿಪ್‌ಗಳು ಮಣ್ಣು ತುಂಬಿದ ಟಬ್ಬುಗಳಲ್ಲಿ ಯಾರ್ಕ್ ಸಮೀಪದ ಹೊಸ ಮನೆಗೆ ಬಂದು, ಗೋಡೆಯ ಬಿಸಿಲಿನಲ್ಲಿ ಜೂನ್ ಮುಗಿಯುವವರೆಗೆ ಎಲೆ ಒಣಗಿಸಿಕೊಂಡವು. ಡ್ಯಾಫೊಡಿಲ್‌ಗಳನ್ನು ಕಾಗದದ ಚೀಲಗಳಲ್ಲಿ ಗಾಳಿಯಾಡುವಂತೆ ಇಟ್ಟೆ. ಸಾಮಾನು ಸಾಗಿಸುವ ಗಡಿಬಿಡಿಯಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿಟ್ಟಿದ್ದ ಕ್ರೋಕಸ್‌ಗಳನ್ನು ಮರೆತೇಬಿಟ್ಟೆ. ಆಗಸ್ಟಿನಲ್ಲಿ ಬಿಚ್ಚಿದರೆ ಅರ್ಧಕ್ಕರ್ಧ ಬೂದುಬಣ್ಣದ ಬೂಷ್ಟು ಹಿಡಿದು ಮೆತ್ತಗಾಗಿದ್ದವು. ಅದು ಇಂದಿಗೂ ಮನಸ್ಸಿಗೆ ನೋವು ಕೊಡುತ್ತದೆ.

ಹೊಸ ತೋಟದ್ದು ಅಂಟು ಜೇಡಿಮಣ್ಣು. ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆಂದು ಜಲ್ಲಿಪುಡಿಯನ್ನೂ ಎಲೆಗೊಬ್ಬರವನ್ನೂ ಬೆರೆಸಿ, ಗೆಡ್ಡೆಯ ಎತ್ತರದ ಮೂರರಷ್ಟು ಆಳದಲ್ಲಿ ಡ್ಯಾಫೊಡಿಲ್‌ಗಳನ್ನು ಸೆಪ್ಟೆಂಬರಿನಲ್ಲಿ ನೆಟ್ಟೆ. ಮಣ್ಣು ತಣ್ಣಗಾದಷ್ಟೂ ಶಿಲೀಂಧ್ರದ ಕಾಟ ಕಡಿಮೆಯಾದ್ದರಿಂದ ಟ್ಯುಲಿಪ್‌ಗಳಿಗೆ ನವೆಂಬರಿನವರೆಗೆ ಕಾದೆ. ಡ್ಯಾಫೊಡಿಲ್ ವಿಷಕಾರಿಯಾದ್ದರಿಂದ ಅಳಿಲುಗಳು ಅದರ ತಂಟೆಗೆ ಹೋಗುವುದಿಲ್ಲ. ಟ್ಯುಲಿಪ್‌ಗಳನ್ನು ಅಗೆದು ತಿನ್ನುತ್ತವೆ. ಅದಕ್ಕಾಗಿ ಮೇಲೆ ತಂತಿಬಲೆ ಹಾಸಿದೆ.

ಮಾರ್ಚಿನಲ್ಲಿ 31 ಡ್ಯಾಫೊಡಿಲ್ ಅರಳಿದವು. ಮರಿಗೆಡ್ಡೆಗಳಿಂದ ಬರೀ ಎಲೆ ಬಂದಿದೆ. ಅವು ಹೂ ಬಿಡಲು ಇನ್ನೂ ಕೆಲವು ವರ್ಷ ಬೇಕು. ಎಲೆ ಪೂರ್ತಿ ಒಣಗುವವರೆಗೆ ಯಾರೂ ತುಳಿಯಬಾರದೆಂದು ಮಗಳು ಸುತ್ತಲೂ ಕಡ್ಡಿ ನೆಟ್ಟು ದಾರ ಕಟ್ಟಿದ್ದಾಳೆ.