ಸಿಂಗಲ್ ಸ್ಕ್ರೀನ್ ಉಳಿಯಬೇಕಾದರೆ ಪ್ರೊಜೆಕ್ಷನ್ ರೂಮಿನಲ್ಲಿ ಆಗಬೇಕಾದ ಕೆಲಸ

ನಾಲ್ಕು ವಾರ ಕಾದರೆ ದಕ್ಷಿಣದ ಅನೇಕ ಸಿನಿಮಾಗಳು ಓಟಿಟಿಯಲ್ಲೇ ಸಿಗುತ್ತವೆ. ಆದರೂ ಥಿಯೇಟರಿಗೆ ಬರುವವರು ಮನೆಯ ಟಿವಿಯಲ್ಲಿ ಸಿಗದ ಚಿತ್ರ, ಸದ್ದು ಬೇಕೆಂದೇ ಬರುತ್ತಾರೆ. ಸೀಟು, ಎಸಿ, ಬಣ್ಣಕ್ಕೆಲ್ಲ ದುಡ್ಡು ಹಾಕಿ ಪ್ರೊಜೆಕ್ಷನ್ ರೂಮನ್ನು ಮರೆತರೆ ಅವರು ಮತ್ತೆ ಬರುವುದಿಲ್ಲ.

ಡಿಜಿಟಲ್ ಸಿನಿಮಾ ಮಾನದಂಡದಂತೆ 2ಡಿ ಚಿತ್ರಕ್ಕೆ ಪರದೆಯ ನಡುಭಾಗದ ಹೊಳಪು 14 ಫುಟ್-ಲ್ಯಾಂಬರ್ಟ್, ಅಂದರೆ 48 ನಿಟ್ ಇರಬೇಕು (ಎರಡೂ ಪರದೆಯಿಂದ ಕಣ್ಣಿಗೆ ಬರುವ ಬೆಳಕಿನ ಅಳತೆಗಳು). ಪ್ರೊಜೆಕ್ಟರಿಗೆ ಬೆಳಕು ಕೊಡುವ ಝೆನಾನ್ ಲ್ಯಾಂಪು ಹಳತಾದಂತೆ ಅದರ ಗಾಜು ಒಳಗಿನಿಂದ ಕಪ್ಪಾಗುತ್ತದೆ. ದಿನಾ ನೋಡುವ ಆಪರೇಟರ್ ಕಣ್ಣಿಗೆ ಅದು ಗೊತ್ತಾಗುವುದಿಲ್ಲ, ಮೀಟರ್ ಇಟ್ಟೇ ಅಳೆಯಬೇಕು. ಬೆಳಕು ಕಡಿಮೆ ಬಂತೆಂದು ಕೂಡಲೇ ಲ್ಯಾಂಪು ಬದಲಿಸಬೇಡಿ. ಮೊದಲು ಪೋರ್ಟ್ ಗಾಜನ್ನು, ಅಂದರೆ ರೂಮಿನಿಂದ ಬೆಳಕು ಹೊರಬೀಳುವ ಕಿಟಕಿಯ ಗಾಜನ್ನು, ಎರಡೂ ಕಡೆ ಒರೆಸಿ. ಬೆಳಗಿನ ಪೂಜೆಯ ಊದುಬತ್ತಿ ಹೊಗೆ ಗಾಜಿನ ಮೇಲೂ ಏರ್ ಫಿಲ್ಟರಿನಲ್ಲೂ ಜಿಡ್ಡಾಗಿ ಕೂರುತ್ತದೆ. ಪೂಜೆಯನ್ನು ರೂಮಿನ ಹೊರಗೆ ಮಾಡಿಕೊಳ್ಳಿ. ಪ್ರತಿಫಲನ ತಡೆಯುವ ಕೋಟಿಂಗ್ ಇಲ್ಲದ ಗಾಜು ಎಷ್ಟೇ ಶುಭ್ರವಾಗಿದ್ದರೂ ನೂರಕ್ಕೆ ಎಂಟರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ. ಆಮೇಲೆ ಲ್ಯಾಂಪ್ ಅಲೈನ್‌ಮೆಂಟ್ ನೋಡಿ, ಕರೆಂಟ್ ಸ್ವಲ್ಪ ಏರಿಸಿ. ಅದಕ್ಕೂ ಬಗ್ಗದಿದ್ದರೆ ಹೊಸ ಲ್ಯಾಂಪು. ವಾರಂಟಿ ಗಂಟೆ ಮುಗಿದ ಲ್ಯಾಂಪನ್ನು ಎಳೆದು ಓಡಿಸುವುದು ಉಳಿತಾಯವಲ್ಲ: ಅದು ಒಡೆದರೆ ರಿಫ್ಲೆಕ್ಟರ್ ಕನ್ನಡಿ ಕೂಡ ಹೋಗುತ್ತದೆ. ತಣ್ಣಗಿರುವ ಲ್ಯಾಂಪಿನೊಳಗೂ ಒತ್ತಡ ಇದ್ದೇ ಇರುತ್ತದೆ, ಮುಖಕವಚ, ಗ್ಲೌಸ್ ಇಲ್ಲದೆ ಮುಟ್ಟಲೇಬಾರದು. ಶೋ ಮುಗಿದ ಮೇಲೆ ಲ್ಯಾಂಪು ತಣಿಯಲು 10–15 ನಿಮಿಷ ಫ್ಯಾನ್ ಓಡಲಿ, ಮೇನ್ ಸ್ವಿಚ್ ಆಮೇಲೆ ಆರಿಸಿ.

ಲೇಸರ್ ಪ್ರೊಜೆಕ್ಟರಿಗೆ ಲ್ಯಾಂಪಿನ ತಲೆನೋವಿಲ್ಲ. ಧೂಳು, ಸೆಕೆಯ ತಲೆನೋವು ಮಾತ್ರ ಹಾಗೇ ಇರುತ್ತದೆ.

ಶುಕ್ರವಾರ ಬೆಳಗಿನ ಶೋ ನಿಂತು ಗಲಾಟೆಯಾಗುವುದು ಹೆಚ್ಚಾಗಿ ಕೆಡಿಎಂ ಕೀಯಿಂದ, ಅಂದರೆ ಬೀಗ ಹಾಕಿ ಬರುವ ಸಿನಿಮಾ ಫೈಲನ್ನು ತೆರೆಯುವ ಡಿಜಿಟಲ್ ಕೀಯಿಂದ. ಸಿನಿಮಾ ನೂರಾರು ಜಿಬಿ, ಕೀ ಕೆಲವೇ ಕೆಬಿ. ಆದರೆ ಆ ಕೀ ನಿಮ್ಮ ಸರ್ವರಿನ (ಸಿನಿಮಾ ಓಡಿಸುವ ಕಂಪ್ಯೂಟರಿನ) ಸರ್ಟಿಫಿಕೇಟಿಗೆ, ಅಂದರೆ ಅದರ ಡಿಜಿಟಲ್ ಗುರುತಿಗೆ ಮಾತ್ರ, ಅದರಲ್ಲಿ ಬರೆದ ವೇಳೆಯೊಳಗೆ ಮಾತ್ರ ತೆರೆಯುತ್ತದೆ. ರಿಪೇರಿಯಲ್ಲಿ ಮೀಡಿಯಾ ಬ್ಲಾಕ್ (ಸಿನಿಮಾದ ಬೀಗ ತೆಗೆದು ಓಡಿಸುವ, ಆ ಸರ್ಟಿಫಿಕೇಟ್ ಇರುವ ಬೋರ್ಡು) ಬದಲಾಗಿದ್ದರೆ ಹೊಸ ಸರ್ಟಿಫಿಕೇಟನ್ನು ವಿತರಕರಿಗೆ ಅದೇ ದಿನ ಕಳಿಸಬೇಕು, ಇಲ್ಲದಿದ್ದರೆ ಹಳೆ ಬ್ಲಾಕಿನ ಹೆಸರಿಗೇ ಕೀ ಬರುತ್ತದೆ. ಸರ್ವರಿನ ಸುರಕ್ಷಿತ ಗಡಿಯಾರವನ್ನು ವರ್ಷಕ್ಕೆ ಆರು ನಿಮಿಷಕ್ಕಿಂತ ಹೆಚ್ಚು ತಿದ್ದಲು ಬರುವುದಿಲ್ಲ. ಅದು ನಿಧಾನವಾಗಿದ್ದರೆ ಹೊತ್ತಾದರೂ ಕೀ ತೆರೆಯದು. ಬ್ಲಾಕಿನ ಬ್ಯಾಟರಿ ಪೂರ್ತಿ ಸತ್ತರೆ ಸರ್ಟಿಫಿಕೇಟೇ ಅಳಿಸಿಹೋಗಬಹುದು. ಕೀಯ ಶುರು ವೇಳೆ ಎಷ್ಟೆಂದು ಗುರುವಾರ ಸಂಜೆಯೇ ಓದಿಡಿ, ಬೆಳಗ್ಗೆ ಆರರ ಶೋ ಇಟ್ಟುಕೊಂಡು ಒಂಬತ್ತರ ಕೀ ಹಿಡಿದು ಕೂರುವಂತಾಗಬಾರದು.

ಸದ್ದಿನಲ್ಲಿ ದೊಡ್ಡ ತಪ್ಪು ಫೇಡರಿನದು, ಅಂದರೆ ಥಿಯೇಟರಿನ ಸದ್ದು ಏರಿಸಿ ಇಳಿಸುವ ನಾಬಿನದು. ಸಿನಿಮಾದ ಸೌಂಡ್ ಮಿಕ್ಸಿಂಗ್ ಆಗುವುದು 7ರ ಲೆಕ್ಕದಲ್ಲಿ, ಬಹಳ ಕಡೆ ಓಡುವುದು 5ಕ್ಕೆ. ಆ ಎರಡು ಮೆಟ್ಟಿಲಲ್ಲೇ ಸುಮಾರು 6.7 ಡೆಸಿಬಲ್ ಕಳೆಯಿತು. ಮಾತು ಹೆಚ್ಚಾಗಿ ಬರುವುದು ಪರದೆಯ ಹಿಂದಿನ ನಡುವಣ ಸ್ಪೀಕರಿನಿಂದ. ಅದರ ಹಾರ್ನ್ ಡ್ರೈವರ್ (ಚೂಪು ಸದ್ದು ಹೊರಡಿಸುವ ಭಾಗ) ಹೋದರೆ 'ಸ', 'ಶ' ಮಸುಕಾಗುತ್ತವೆ, ಜನ ವಾಲ್ಯೂಮ್ ಏರಿಸಿ ಎಂದು ಕೂಗುತ್ತಾರೆ. ಏರಿಸಿದರೆ ಬರೀ ಗುಡುಗು. ವಾರಕ್ಕೊಮ್ಮೆ ಪಿಂಕ್ ನಾಯ್ಸ್ (ಪರೀಕ್ಷೆಗೆಂದೇ ಇರುವ, ಒಂದೇ ಸಮನೆ ಭೋರ್ ಎನ್ನುವ ಸದ್ದು) ಹಾಕಿ, ಒಂದು ಸಲಕ್ಕೆ ಒಂದೇ ಚಾನೆಲ್ ನುಡಿಸಿ, ಒಬ್ಬರು ಪರದೆಯ ಹಿಂದೆ ಹೋಗಿ ಹಾರ್ನಿಗೆ ಕಿವಿಗೊಡಲಿ, ಆಮೇಲೆ ಗೋಡೆಗುಂಟ ನಡೆದು ಪ್ರತಿ ಸರೌಂಡ್ ಸ್ಪೀಕರಿನ ಕೆಳಗೂ ನಿಂತು ಕೇಳಲಿ.