ರೀಸ್ಟಾರ್ಟ್ ಆಯ್ತಾ, ಯಾರಾದ್ರೂ ಮಾಡಿದ್ರಾ?

ಕ್ಲೈಂಟ್‌ಗೆ ಹೋದ ಆರ್‌ಸಿಎಯಲ್ಲಿ (ತೊಂದರೆಯ ಮೂಲ ಕಾರಣ ಹೇಳುವ ವರದಿ) ಹೀಗೊಂದು ಸಾಲಿತ್ತು: "ದಿ ಪೇಮೆಂಟ್ ಸರ್ವಿಸ್ ವಾಸ್ ರೀಸ್ಟಾರ್ಟೆಡ್ ಅಟ್ 2:10 ಎಎಂ." ಮರುದಿನದ ಕಾಲ್‌ನಲ್ಲಿ ಆ ಕಡೆಯವರು ಕೇಳಿದ್ದು ಇಷ್ಟೇ. ರೀಸ್ಟಾರ್ಟ್ ಮಾಡಿದ್ದು ಯಾರು, ಅದಕ್ಕೆ ಅನುಮತಿ ತೋರಿಸುವ ಚೇಂಜ್ ಟಿಕೆಟ್ ಎಲ್ಲಿ? ಔಟರ್ ರಿಂಗ್ ರೋಡ್ ಆಫೀಸಿನ ಈ ತುದಿಯಲ್ಲಿ ಒಬ್ಬರೂ ಮ್ಯೂಟ್ ತೆಗೆಯಲಿಲ್ಲ. ಚಾಟ್‌ನಲ್ಲಿ ಮಾತ್ರ ಆ ರಾತ್ರಿ ಆನ್‌ಕಾಲ್ ಡ್ಯೂಟಿಯಲ್ಲಿದ್ದ ಹುಡುಗ "ನಾನು ಮುಟ್ಟೇ ಇಲ್ಲ ಸರ್" ಅಂತಿದ್ದ, ಲೀಡ್ "ಮತ್ಯಾರಪ್ಪ ಮುಟ್ಟಿದ್ದು?" ಅಂತಿದ್ದರು. ಆಡಿಟ್ ಲಾಗ್ ಜಾಲಾಡಿದರೂ ಯಾವ ಮನುಷ್ಯನ ಹೆಸರೂ ಸಿಗಲಿಲ್ಲ. ಕೊನೆಗೆ ಆ ಸರ್ವಿಸ್ ಓಡುವ ಕ್ಯೂಬರ್ನೆಟಿಸ್ ಪಾಡ್‌ನ ವಿವರ ತೆಗೆಸಿದಾಗ ಕಂಡಿದ್ದು: ರೀಸನ್ ಓಓಎಂಕಿಲ್ಡ್, ಎಕ್ಸಿಟ್ ಕೋಡ್ 137. ಮೆಮೊರಿ ಲಿಮಿಟ್ ದಾಟಿದ ಕಂಟೇನರನ್ನು ಆಪರೇಟಿಂಗ್ ಸಿಸ್ಟಮ್‌ನ ಕರ್ನಲ್ ಕೊಂದಿತ್ತು, ಕಂಟೇನರ್‌ಗಳನ್ನು ನೋಡಿಕೊಳ್ಳುವ ಕ್ಯೂಬ್‌ಲೆಟ್ ಪ್ರೋಗ್ರಾಂ ಮತ್ತೆ ಎಬ್ಬಿಸಿತ್ತು.

"ವಾಸ್" ಒಂದನ್ನು ಬಿಟ್ಟು "ದಿ ಸರ್ವಿಸ್ ರೀಸ್ಟಾರ್ಟೆಡ್" ಅಂತ ಬರೆದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ರೀಸ್ಟಾರ್ಟ್, ಸ್ಟಾಪ್, ಓಪನ್, ಕ್ಲೋಸ್, ಚೇಂಜ್ ಥರದ ಕ್ರಿಯಾಪದಗಳು ಆಕ್ಟಿವ್ (ಕರ್ತರಿ), ಪ್ಯಾಸಿವ್ (ಕರ್ಮಣಿ) ಎರಡೂ ಕಡೆ ನಿಲ್ಲುತ್ತವೆ. ಆಕ್ಟಿವ್‌ನಲ್ಲಿ ತಾನಾಗಿ ಆದ ಹಾಗೆ ಓದಿಸಿಕೊಳ್ಳುತ್ತವೆ. ಪ್ಯಾಸಿವ್ ಮಾಡಿದ ಕೂಡಲೇ ಹಿಂದೆ ಯಾರದೋ ಕೈ ಇದೆ ಅನ್ನಿಸುತ್ತದೆ. "ಬೈ" ಹಾಕದಿದ್ದರೆ ಆ ಕೈ ಯಾರದು ಅಂತ ಓದುವವರು ಹುಡುಕಲು ಶುರುಮಾಡುತ್ತಾರೆ. ಹಾಗಂತ ಪ್ಯಾಸಿವ್ ತಪ್ಪಲ್ಲ. "ದಿ ಕಂಟೇನರ್ ವಾಸ್ ಕಿಲ್ಡ್ ಬೈ ದಿ ಕರ್ನಲ್ ಆಂಡ್ ರೀಸ್ಟಾರ್ಟೆಡ್ ಬೈ ಕ್ಯೂಬ್‌ಲೆಟ್" ಅಂದರೆ ಆ ಆರ್‌ಸಿಎಗೆ ಅದಕ್ಕಿಂತ ಒಳ್ಳೆಯ ವಾಕ್ಯ ಸಿಗದು.

ನಾವು ಎಡವುವುದು "ಆಯ್ತು" ಇಂದ. ಕನ್ನಡದಲ್ಲಿ ಎರರ್ ಆಯ್ತು, ಡಿಪ್ಲಾಯ್ ಆಯ್ತು, ಮರ್ಜ್ ಆಯ್ತು, ಕ್ರ್ಯಾಶ್ ಆಯ್ತು, ಎಲ್ಲಕ್ಕೂ ಒಂದೇ. ಬೆರಳು ಕೀಬೋರ್ಡಿಗೆ ಬಂದಾಗ ಎಲ್ಲ "ಆಯ್ತು"ವೂ "ವಾಸ್" ಆಗಿಬಿಡುತ್ತದೆ. ಹಾಗಾಗಿಯೇ ಟಿಕೆಟ್ ತುಂಬ "ಇಶ್ಯೂ ವಾಸ್ ಅಕರ್ಡ್", "ವಾಸ್ ಹ್ಯಾಪನ್ಡ್", "ಸರ್ವರ್ ವಾಸ್ ಕ್ರ್ಯಾಶ್ಡ್". ಕಳಿಸುವ ಮುಂಚೆ "ಯಾರು ಮಾಡಿದ್ದು?" ಅಂತ ಕೇಳಿನೋಡಿ. ಡಿಪ್ಲಾಯ್ ಯಾರು ಮಾಡಿದ್ದು ಅನ್ನುವುದಕ್ಕೆ ಉತ್ತರ ಇದೆ, ಹಾಗಾಗಿ "ವಾಸ್ ಡಿಪ್ಲಾಯ್ಡ್" ಸರಿ. ಎರರನ್ನು ಯಾರು ಸಂಭವಿಸಿದರು ಅಂತ ಕೇಳಿದರೆ ನಗು ಬರುತ್ತದೆ. ಅಲ್ಲಿ ಬರೀ "ಅಕರ್ಡ್". ಹ್ಯಾಪನ್, ಅಕರ್, ಅರೈವ್, ಎಕ್ಸಿಸ್ಟ್, ಕನ್ಸಿಸ್ಟ್ ಇವಕ್ಕೆ ಕರ್ಮಪದವೇ ಇಲ್ಲ, ಆದ್ದರಿಂದ ಪ್ಯಾಸಿವೂ ಇಲ್ಲ.

ಉಲ್ಟಾ ತಪ್ಪು ಇನ್ನೂ ದುಬಾರಿ. "ದಿ ಬಗ್ ಹ್ಯಾಸ್ ಫಿಕ್ಸ್ಡ್" ಅಂದರೆ ಬಗ್ ತಾನೇ ಏನನ್ನೋ ರಿಪೇರಿ ಮಾಡಿದೆ ಅಂತಾಯಿತು. ಬೇಕಾದ್ದು "ಹ್ಯಾಸ್ ಬೀನ್ ಫಿಕ್ಸ್ಡ್". "ಬೀನ್" ಮತ್ತು "ಬೀಯಿಂಗ್" ನಮ್ಮ ಬಾಯಲ್ಲಿ ಒಂದೇ ಥರ ಬರುವುದರಿಂದ "ಇಸ್ ಬೀನ್ ಇನ್ವೆಸ್ಟಿಗೇಟೆಡ್" ಎಂಬ ತ್ರಿಶಂಕು ಹುಟ್ಟುತ್ತದೆ. ತನಿಖೆ ನಡೆಯುತ್ತಿದ್ದರೆ "ಇಸ್ ಬೀಯಿಂಗ್", ಮುಗಿದಿದ್ದರೆ "ಹ್ಯಾಸ್ ಬೀನ್". ಟೈಮ್‌ಲೈನ್‌ನಲ್ಲಿ ಮುಗಿದುಹೋದ ಗಂಟೆ ಬರೆದ ಸಾಲಿಗೆ "ಹ್ಯಾಸ್ ಬೀನ್" ಬರುವುದೇ ಇಲ್ಲ. 2:10 ಅಂತ ಬರೆದಮೇಲೆ, ಪ್ಯಾಸಿವ್ ಬೇಕಿದ್ದರೆ "ವಾಸ್" ಅಷ್ಟೇ.

ಸ್ಟೇಟಸ್ ಪೇಜ್‌ಗೆ ಪ್ಯಾಸಿವ್ ಚೆನ್ನಾಗಿ ಒಗ್ಗುತ್ತದೆ. "ಯುವರ್ ಕಾರ್ಡ್ ವಾಸ್ ನಾಟ್ ಚಾರ್ಜ್ಡ್ ಟ್ವೈಸ್" ಅಂತ ಓದುವ ಗ್ರಾಹಕನಿಗೆ ತನ್ನ ಕಾರ್ಡಿನ ಚಿಂತೆ, ಯಾವ ಸಿಸ್ಟಮ್ ಚಾರ್ಜ್ ಮಾಡಲಿಲ್ಲ ಅನ್ನುವುದು ಅವನಿಗೆ ಬೇಕಿಲ್ಲ. ತೊಂದರೆ ಬಂದಾಗ ಏನು ಮಾಡಬೇಕೆಂದು ಹೇಳುವ ರನ್‌ಬುಕ್‌ಗೆ ಅದೇ ಪ್ಯಾಸಿವ್ ವಿಷ. "ದಿ ಕ್ಯಾಶ್ ಶುಡ್ ಬಿ ಕ್ಲಿಯರ್ಡ್" (ಇಲ್ಲಿ ಕ್ಯಾಶ್ ಅಂದರೆ ದುಡ್ಡಲ್ಲ, ತಾತ್ಕಾಲಿಕವಾಗಿ ಎತ್ತಿಟ್ಟ ಡೇಟಾ) ಅಂತ ಬರೆದರೆ ಬೆಳಗಿನ ಜಾವ ಮೂರು ಗಂಟೆಗೆ ಆನ್‌ಕಾಲ್‌ನವನು ಡೇಟಾಬೇಸ್ ನೋಡಿಕೊಳ್ಳುವ ಡಿಬಿಎ ಮಾಡ್ತಾರೆ ಅಂದುಕೊಳ್ಳುತ್ತಾನೆ, ಡಿಬಿಎ ಇವನು ಮಾಡ್ತಾನೆ ಅಂದುಕೊಳ್ಳುತ್ತಾರೆ. "ಕ್ಲಿಯರ್ ದಿ ಕ್ಯಾಶ್" ಅಂತ ಬರೆಯಿರಿ, ಪಕ್ಕದಲ್ಲಿ ಕಮಾಂಡ್ ಹಾಕಿ.

ಮ್ಯಾನೇಜ್‌ಮೆಂಟ್ ಮಾತ್ರ ಬ್ಲೇಮ್‌ಲೆಸ್ (ಯಾರನ್ನೂ ದೂರಬಾರದು) ಅನ್ನುವ ಹೆಸರಿನಲ್ಲಿ ಎಲ್ಲ ಕರ್ತೃಗಳನ್ನೂ ಅಳಿಸಿಹಾಕುತ್ತದೆ. ಹೆಸರು ಬೇಡ, ಒಪ್ಪೋಣ. "ಬೈ ದಿ ಆನ್‌ಕಾಲ್ ಎಂಜಿನಿಯರ್", "ಬೈ ದಿ ಡಿಪ್ಲಾಯ್ ಪೈಪ್‌ಲೈನ್" ಅನ್ನಲು ಏನಡ್ಡಿ? ಇನ್ನೊಂದು ಕಡೆ ಗ್ರಾಮರ್ ಪ್ಲಗಿನ್ ಪ್ಯಾಸಿವ್ ಕಂಡಲ್ಲೆಲ್ಲ ಗೆರೆ ಎಳೆಯುತ್ತದೆ. ಅದು ಹೇಳಿದ ಹಾಗೆಲ್ಲ ತಿದ್ದುತ್ತಾ ಹೋದರೆ ಯಾರೋ ಕೈಯಾರೆ ನಿಲ್ಲಿಸಿದ ಜಾಬ್ ಕೂಡ "ದಿ ಜಾಬ್ ಸ್ಟಾಪ್ಡ್" ಅಂತ ತಾನಾಗೇ ನಿಂತುಬಿಡುತ್ತದೆ. ಆಗ ಆಡಿಟ್‌ನವರು ಬೇರೆ ಪ್ರಶ್ನೆ ಹಿಡಿದು ಬರುತ್ತಾರೆ.