ಬೆಟ್ಟಕ್ಕೆ ಬೆಂಕಿ ಗೆರೆ ತೆಗೆದ ದಿನ

ಶಿವರಾತ್ರಿ ಕಳೆಯಿತು ಅಂದರೆ ನಮ್ಮ ಶಿರಸಿ ಕಡೆ ಬೆಟ್ಟದಲ್ಲಿ ನೆಲವೇ ಕಾಣುವುದಿಲ್ಲ. ಮತ್ತಿ, ಹೊನ್ನೆ, ನಂದಿ, ಕವಲು ಎಲ್ಲ ಎಲೆ ಉದುರಿಸಿಕೊಂಡು ನಿಂತಿರುತ್ತವೆ. ಕಾಲಿಟ್ಟಲ್ಲೆಲ್ಲ ಸರಪರ ಸದ್ದು. ಈ ಒಣ ಎಲೆಗೆ ನಾವು ದರಕು ಅನ್ನುತ್ತೇವೆ. ತೋಟ ಇದ್ದವರಿಗೆ ದರಕು ಅಂದರೆ ಗೊಬ್ಬರ. ಯಾರೋ ದಾರಿಹೋಕರು ಬೀಡಿ ತುಂಡು ಎಸೆದು ಹೋದರೆ ಅದೇ ದರಕು ಇಡೀ ಬೆಟ್ಟವನ್ನು ಸುಡುತ್ತದೆ.

ಅದಕ್ಕೇ ಹೋಳಿ ಹುಣ್ಣಿಮೆಗೆ ಮುಂಚೆ ಊರವರೆಲ್ಲ ಸೇರಿ ಬೆಂಕಿ ಗೆರೆ ತೆಗೆಯುತ್ತೇವೆ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವರ್ಷ ಮನೆ ತುಂಬ ನೆಂಟರು, ಕೆಲಸಕ್ಕೆ ಜನ ಹೊಂದಿಸುವುದೇ ಕಷ್ಟ. ಈ ಸಲ ಜಾತ್ರೆ ಇರಲಿಲ್ಲ. ಭಾನುವಾರ ಬಿಸಿಲೇರುವ ಮೊದಲೇ ಮನೆಗಿಬ್ಬರಂತೆ ಬಂದು ನಿಂತಿದ್ದರು. ಗಂಡಸರ ಕೈಯಲ್ಲಿ ಕತ್ತಿ, ನಮ್ಮ ಕೈಯಲ್ಲಿ ಗುಡಿಸುವ ಹಿಡಿ ಮತ್ತು ಬಿದಿರಿನ ದೊಡ್ಡ ಬುಟ್ಟಿ. ಬೆಂಗಳೂರಿಂದ ರಜೆಗೆ ಬಂದ ಹುಡುಗರೂ ಇದ್ದರು.

ಕೆಲಸ ಹೀಗೆ. ರಸ್ತೆ ಪಕ್ಕದಲ್ಲಿ ಮತ್ತು ಬೆಟ್ಟದ ನೆತ್ತಿಯ ಉದ್ದಕ್ಕೂ ಕರಡ ಹುಲ್ಲು ಕೊಯ್ಯಬೇಕು. ಆಮೇಲೆ ಒಂದಿಷ್ಟು ಅಗಲಕ್ಕೆ ಮಣ್ಣು ಕಾಣುವ ಹಾಗೆ ದರಕು ಗುಡಿಸಿ ತೆಗೆಯಬೇಕು. ಬೆಂಕಿ ನೆಲದ ಮೇಲೆ ಬರುತ್ತದೆ. ಬರಿ ಮಣ್ಣು ಸಿಕ್ಕಿದಲ್ಲಿ ಅದಕ್ಕೆ ತಿನ್ನಲು ಏನೂ ಇರುವುದಿಲ್ಲ. ಕೇಳಲು ಸುಲಭ. ಆದರೆ ಗೆರೆ ಎಲ್ಲಿ ತೆಗೆಯಬೇಕು ಅನ್ನುವುದಕ್ಕೆ ಬೆಟ್ಟ ಗೊತ್ತಿರಬೇಕು. ನನ್ನ ಜೊತೆ ಇದ್ದ ಹಿರಿಯರೊಬ್ಬರು ಮೊದಲು ಗಾಳಿ ನೋಡಿದರು. “ತಂಗೀ, ಬೆಂಕಿ ಏರು ಕಂಡ್ರೆ ಓಡ್ತು. ಇಳಿಜಾರಲ್ಲಿ ನಿಧಾನ ಆಗ್ತು. ನೆತ್ತಿ ಮೇಲೇ ತಡೀಬೇಕು,” ಅಂದರು. ಒಣಗಿ ನಿಂತ ಮರವೊಂದು ಗೆರೆಯ ಪಕ್ಕದಲ್ಲೇ ಇತ್ತು. ಅದು ಹೊತ್ತಿಕೊಂಡು ಬಿದ್ದರೆ ಗೆರೆ ದಾಟುತ್ತದೆ ಅಂತ ಅವರು ಗೆರೆಯನ್ನೇ ಅಲ್ಲಿ ಸ್ವಲ್ಪ ಒಳಗೆ ಸರಿಸಿದರು.

ನಾವು ಹೆಂಗಸರು ಗುಡಿಸಿದ ದರಕನ್ನು ಬುಟ್ಟಿಗೆ ತುಂಬಿ ಹೊತ್ತೆವು. ಅದು ಕೊಟ್ಟಿಗೆಗೆ ಹೋಗುತ್ತದೆ, ದನದ ಕಾಲಡಿ ಬೀಳುತ್ತದೆ, ಗೊಬ್ಬರ ಗುಂಡಿ ಸೇರುತ್ತದೆ, ಅಲ್ಲಿಂದ ಅಡಿಕೆ ಮರದ ಬುಡಕ್ಕೆ. ನಮ್ಮ ಜಿಲ್ಲೆಯ ಸೊಪ್ಪಿನ ಬೆಟ್ಟ ಹುಟ್ಟಿದ್ದೇ ಹೀಗೆ. ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ 9 ಎಕರೆವರೆಗೆ ಬೆಟ್ಟದಲ್ಲಿ ಸೊಪ್ಪು, ದರಕು ತರುವ ಹಕ್ಕು ಸಿಕ್ಕಿತ್ತು. ಜಾಗ ಸರ್ಕಾರದ್ದು, ಬಳಕೆ ನಮ್ಮದು. ನನಗನಿಸುವುದು ಇಷ್ಟು: ದರಕು ಹೊರುವವರು ಇರುವ ತನಕ ಬೆಟ್ಟಕ್ಕೆ ಕಾವಲು ಇರುತ್ತದೆ. ದಿನಾ ಹೋಗುವ ಜಾಗದಲ್ಲಿ ಹೊಗೆ ಎದ್ದರೆ ತಕ್ಷಣ ಗೊತ್ತಾಗುತ್ತದೆ. ಈಗ ಎಷ್ಟೋ ಮನೆಗಳಲ್ಲಿ ದನ ಇಲ್ಲ. ಗೊಬ್ಬರ ಚೀಲದಲ್ಲಿ ಬರುತ್ತದೆ. ಅಂಥವರ ಬೆಟ್ಟದಲ್ಲಿ ದರಕು ಮೊಣಕಾಲುದ್ದ ಬಿದ್ದಿದೆ. ನನಗೆ ಜಾಸ್ತಿ ಭಯ ಆಗುವುದು ಅಲ್ಲೇ.

ಹಾಗಂತ ಪೂರ್ತಿ ಗುಡಿಸಿ ತರುವುದೂ ಸರಿಯಲ್ಲ. ನೆಲಕ್ಕೆ ಹೊದಿಕೆ ಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಮೇಲ್ಮಣ್ಣು ಹಳ್ಳ ಸೇರುತ್ತದೆ. ಸೊಪ್ಪು ಕಡಿಯುವಾಗಲೂ ಮರದ ತುದಿ ಬಿಡಬೇಕು. ನೆತ್ತಿಯವರೆಗೆ ಬೋಳಿಸಿದ ಮರಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬೆಂಕಿಗೆ ಮತ್ತಿಯಂಥ ದಪ್ಪ ತೊಗಟೆಯ ದೊಡ್ಡ ಮರ ಹೇಗೋ ತಡೆದುಕೊಳ್ಳುತ್ತದೆ. ಸಾಯುವುದು ಕೆಳಗಿನ ಸಸಿಗಳು. ಮುರುಗಲು, ಹಲಸು, ಹೆಬ್ಬೆರಳು ಗಾತ್ರದ ಹೊನ್ನೆ. ಸುಟ್ಟ ಬೆಟ್ಟ ಮಳೆಗಾಲದಲ್ಲಿ ಮತ್ತೆ ಹಸಿರಾಗುತ್ತದೆ, ನಿಜ. ಆದರೆ ಆ ಹಸಿರು ಹುಲ್ಲಿನದು. ಮುಂದಿನ ತಲೆಮಾರಿನ ಮರ ಅಲ್ಲಿ ಇರುವುದಿಲ್ಲ.

ಬಿಸಿಲು ಜೋರಾದ ಮೇಲೆ ಗುಡಿಯ ಅಂಗಳದಲ್ಲಿ ಊಟ. ಹಲಸಿನ ಗುಜ್ಜೆ ಪಲ್ಯ, ಅಪ್ಪೆಹುಳಿ, ಮಜ್ಜಿಗೆ. ಎಲೆ ಅಡಿಕೆಯ ಕವಳ ಹಾಕುತ್ತಾ ಕೂತಾಗ ಹಿರಿಯರು ಅಪ್ಪಿಕೋ ದಿನಗಳ ಮಾತು ತೆಗೆದರು. 1983ರ ಸೆಪ್ಟೆಂಬರ್ 8ರಂದು ನಮ್ಮದೇ ತಾಲ್ಲೂಕಿನ ಸಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ, ಕಡಿಯಲು ಗುರುತು ಹಾಕಿದ ಮರಗಳನ್ನು ಅಪ್ಪಿಕೊಂಡು ನಿಂತಿದ್ದರು. ಉಳಿಸು, ಬೆಳೆಸು, ಬಳಸು ಅನ್ನುವುದು ಆ ಚಳವಳಿಯ ಮಾತು. ಬಳಸು ಅನ್ನುವುದನ್ನೂ ಸೇರಿಸಿದ್ದರಲ್ಲ, ಅದು ನನಗೆ ತುಂಬ ಹಿಡಿಸುತ್ತದೆ. ಕಾಡಿನ ಪಕ್ಕದಲ್ಲೇ ಬದುಕುವವರಿಗೆ ಕಾಡನ್ನು ದೂರದಿಂದ ನೋಡಿಕೊಂಡಿರಿ ಅಂದರೆ ಆಗುತ್ತದಾ?

ಅಷ್ಟರಲ್ಲಿ ಮಾತು ಅಪ್ಪೆಮಿಡಿಗೆ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಕಾಡುಮಾವಿನಕಾಯಿಗೆ ತಿರುಗಿತು. ಇದು ಮಿಡಿ ಕೊಯ್ಯುವ ಕಾಲ. ಹೊಳೆ ದಂಡೆಯ ಕಾಡುಮಾವಿನ ಮರಗಳು ಯಾರೂ ನೆಟ್ಟವಲ್ಲ. ಒಂದೊಂದು ಮರಕ್ಕೂ ಒಂದೊಂದು ಪರಿಮಳ. ಒಳ್ಳೆಯ ಮಿಡಿಗೆ ಪೇಟೆಯಲ್ಲಿ ಒಳ್ಳೆಯ ಬೆಲೆ. ಆ ಬೆಲೆಯೇ ಮರಕ್ಕೆ ಕುತ್ತಾಗುತ್ತಿದೆ. ತುದಿಗೆ ಹತ್ತಿ ಕೊಯ್ಯುವ ಬದಲು ಕೊಂಬೆಯನ್ನೇ ಕಡಿದು ಕೆಳಗೆ ಹಾಕುತ್ತಾರೆ. ಕಡಿದ ಕೊಂಬೆ ಮುಂದಿನ ವರ್ಷಕ್ಕೆ ಇಲ್ಲ.

ಇದರ ಮೇಲೆ ಜೋರಾಗೇ ಮಾತಾಯಿತು. ಮರ ಹತ್ತುವ ಒಬ್ಬ ತಮ್ಮ ನೇರವಾಗಿ ಕೇಳಿದ: “ಅಷ್ಟು ಎತ್ತರದ ಮರ, ಕಾಲು ಜಾರಿದ್ರೆ ನಮ್ಮನೆ ನೋಡೋರು ಯಾರು?” ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಹಗ್ಗ, ಬಲೆ, ಉದ್ದ ದೋಟಿ ಊರಿನ ದುಡ್ಡಿನಲ್ಲಿ ತರುವುದು, ಹತ್ತುವವರಿಗೆ ಕೂಲಿ ಜಾಸ್ತಿ ಮಾಡುವುದು ಅಂತ ಆಯಿತು. ಕೊಂಬೆ ಕಡಿದ ಮಿಡಿಯನ್ನು ನಮ್ಮೂರಿನ ಯಾವ ಮನೆಯವರೂ ಕೊಳ್ಳಬಾರದು ಅಂತಲೂ ಮಾತಾಯಿತು. ಒಳ್ಳೆಯ ಮರಗಳ ಕಡ್ಡಿ ತಂದು ಕಸಿ ಕಟ್ಟುವ ಕೆಲಸವನ್ನು ಅಕ್ಕಂದಿರಿಬ್ಬರು ವಹಿಸಿಕೊಂಡರು. ಅವರ ಕೈಯಲ್ಲಿ ಕಸಿ ಚೆನ್ನಾಗಿ ಹಿಡಿಯುತ್ತದೆ.

ಉಳಿದದ್ದು ಬೆಟ್ಟದ ಆಚೆ ಬದಿ. ಅದು ಪಕ್ಕದೂರಿನ ಪಾಲು, ಅಲ್ಲಿ ಇನ್ನೂ ಗೆರೆ ಬಿದ್ದಿಲ್ಲ. ಅಲ್ಲಿ ಹೆಚ್ಚಿನ ಮನೆಗಳಲ್ಲಿ ಉಳಿದವರು ವಯಸ್ಸಾದವರು. ನಾವೇ ಹೋಗಿ ಮಾಡಿಕೊಡೋಣ ಅಂತ ಅತ್ತಿಗೆ ಹೇಳಿದ್ದಕ್ಕೆ ಯಾರೂ ಇಲ್ಲ ಅನ್ನಲಿಲ್ಲ. ಅಲ್ಲೇ ಕೂತು ಫೋನ್ ಮಾಡಿದೆವು. ಬರುವ ಭಾನುವಾರ ಬೆಳಗ್ಗೆ ಬನ್ನಿ, ಅವಲಕ್ಕಿ, ಚಾ ನಮ್ಮದು ಅಂದರು. ಕತ್ತಿ ಮಾತ್ರ ನಾವೇ ಒಯ್ಯಬೇಕಂತೆ.